ನರದ ಟೆಸ್ಟ್‌ಗೆ ಹೊರಟಿದ್ದೀರಾ? ಕೈಗೆ ಎಣ್ಣೆ ಮಾತ್ರ ಹಚ್ಚಬೇಡಿ

ನಮ್ಮ ಸಣ್ಣವ್ವ ಕಲಬುರಗಿಯ ಖಾನಾವಳಿಯೊಂದರಲ್ಲಿ 20 ವರ್ಷದಿಂದ ರೊಟ್ಟಿ ಬಡಿಯುತ್ತಾಳೆ. ಹೋದ ವರ್ಷ ಬಲಗೈಯ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಜುಮುಜುಮು ಅನ್ನತೊಡಗಿದವು. ನಡುರಾತ್ರಿ ಎದ್ದು ಕೂತು ಕೈ ಝಾಡಿಸುತ್ತಿದ್ದಳು. ಡಾಕ್ಟರ್ ಚೀಟಿಯಲ್ಲಿ ‘ಎನ್‌ಸಿವಿ’ ಅಂತ ಬರೆದುಕೊಟ್ಟರು, ನರದ ವೇಗ ನೋಡುವ ಟೆಸ್ಟ್ ಅದು. ಪಕ್ಕದ ಮನೆಯಾಕೆ ಬಂದು, ‘ಯಕ್ಕಾ, ಅಲ್ಲಿ ಕರೆಂಟ್ ಕೊಡ್ತಾರಂತ’ ಅಂದಳು. ಅಷ್ಟು ಸಾಕಾಯಿತು, ನಾಲ್ಕು ದಿನ ಆ ಕಡೆ ತಲೆಯೇ ಹಾಕಲಿಲ್ಲ. ಐದನೇ ದಿನ ಸ್ನಾನ ಮಾಡಿ, ಕೈಕಾಲಿಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು, ಎರಡೂ ಕೈ ತುಂಬ ಬಿಗಿಯಾದ ಬಳೆ ತೊಟ್ಟುಕೊಂಡು ಹೊರಟಳು, ನಾಲ್ಕು ಮಂದಿ ಇರುವಲ್ಲಿಗೆ ಹೋಗುವಾಗ ಚೆಂದ ಕಾಣಬೇಡವಾ ಅಂತ. ಅಲ್ಲಿ ಟೆಕ್ನಿಷಿಯನ್ ಸ್ಪಿರಿಟ್ ಹಚ್ಚಿ ಒರೆಸಿದ್ದೇ ಒರೆಸಿದ್ದು. ನರದ ಸಂಕೇತ ಹಿಡಿಯುವ ಪಟ್ಟಿ ಚರ್ಮಕ್ಕೆ ಅಂಟುತ್ತಿಲ್ಲ, ಪರದೆಯ ಮೇಲಿನ ಗೆರೆ ನಡುಗುವುದು ನಿಲ್ಲುತ್ತಿಲ್ಲ, ಬಳೆ ಮೇಲೆ ಸರಿಯುತ್ತಿಲ್ಲ. ‘ನಾಳಿ ಬರ್ರಿ’ ಅಂದರು. ಒಂದು ದಿನದ ಪಗಾರ ಹೋಯಿತು, ಆಟೋ ದುಡ್ಡೂ ಹೋಯಿತು. ಅವರದೇನೂ ತಪ್ಪಿಲ್ಲ, ನಮಗೆ ಮೊದಲೇ ಯಾರೂ ಹೇಳಿರಲಿಲ್ಲ ಅಷ್ಟೇ.

ಏನು ನೋಡುತ್ತಾರೆ?

ಹೊಲದಲ್ಲಿ ಬೋರ್‌ವೆಲ್ ಮೋಟಾರ್ ಏಳಲಿಲ್ಲ ಅಂದುಕೊಳ್ಳಿ. ಸ್ಟಾರ್ಟರ್ ಕೆಟ್ಟಿರಬಹುದು, ಕೇಬಲ್ ಕಟ್ ಆಗಿರಬಹುದು, ಜಾಯಿಂಟ್ ಸಡಿಲ ಆಗಿರಬಹುದು, ಮೋಟಾರೇ ಸುಟ್ಟಿರಬಹುದು. ಎಲ್ಲ ಬಿಚ್ಚುವ ಮೊದಲು ಮಿಸ್ತ್ರಿ ಟೆಸ್ಟರ್ ಹಿಡಿದು ಒಂದೊಂದೇ ನೋಡುತ್ತಾನೆ ಅಲ್ವಾ? ಇಲ್ಲೂ ಅದೇ ಕೆಲಸ. ಬೆನ್ನುಹುರಿಯಿಂದ ನರ ಹೊರಡುವ ಜಾಗ, ನರ, ನರ ಸ್ನಾಯುವಿಗೆ ಸೇರುವ ಜಾಗ, ಸ್ನಾಯು, ಈ ನಾಲ್ಕರಲ್ಲಿ ತೊಂದರೆ ಎಲ್ಲಿದೆ ಅಂತ ಹುಡುಕುವುದು. ಎಂಆರ್‌ಐ ಫೋಟೊ ತೋರಿಸುತ್ತದೆ. ಇದು ಲೈನ್ ಓಡುತ್ತಿದೆಯೋ ಇಲ್ಲವೋ ಅಂತ ಹೇಳುತ್ತದೆ.

ಟೆಸ್ಟ್‌ನಲ್ಲಿ ಎರಡು ಭಾಗ ಇವೆ. ಎನ್‌ಸಿವಿ ನರಕ್ಕೆ, ಇದರಲ್ಲಿ ಸಣ್ಣ ಕರೆಂಟ್ ಇದೆ, ಸೂಜಿ ಇಲ್ಲ. ಇಎಂಜಿ ಸ್ನಾಯುವಿಗೆ, ಇದರಲ್ಲಿ ಸೂಜಿ ಇದೆ, ಕರೆಂಟ್ ಇಲ್ಲ. ಜನ ಎರಡನ್ನೂ ಕಲಸಿ ‘ಸೂಜಿ ಚುಚ್ಚಿ ಕರೆಂಟ್ ಬಿಡ್ತಾರೆ’ ಅಂತ ಹೆದರಿಸುತ್ತಾರೆ. ಎಲ್ಲರಿಗೂ ಎರಡೂ ಬೇಕಾಗುವುದಿಲ್ಲ.

ಹೋಗುವ ಮೊದಲು

ಮೊದಲು ಚೀಟಿ ನೋಡಿ. ‘ಎನ್‌ಸಿವಿ’ ಎಂದಷ್ಟೇ ಇದ್ದರೆ, ಯಾವ ಕೈ, ಯಾವ ಕಾಲು, ಏನು ಅನುಮಾನ ಅಂತ ಡಾಕ್ಟರ್ ಕಡೆ ಬರೆಸಿಕೊಳ್ಳಿ. ಟೆಸ್ಟ್ ಮಾಡುವವರು ಆ ಪ್ರಶ್ನೆ ಹಿಡಿದೇ ನರ ಆರಿಸುತ್ತಾರೆ.

ಆಮೇಲೆ ದಿನದ ಲೆಕ್ಕ. ಇದು ಬಹಳ ಮಂದಿಗೆ ಗೊತ್ತಿಲ್ಲ. ಬೈಕಿನಿಂದ ಬಿದ್ದು ಕೈ ಸೋತಿದೆ ಅಂದುಕೊಳ್ಳಿ. ಮರುದಿನವೇ ಟೆಸ್ಟ್ ಮಾಡಿಸಿದರೆ ಎಲ್ಲ ಸರಿಯಿದೆ ಅಂತ ಬರಬಹುದು. ಕಡಿದ ನರ ಪೂರ್ತಿ ಸೊರಗಲು ದಿನ ಬೇಕು, ಸೂಜಿ ಟೆಸ್ಟ್‌ನಲ್ಲಿ ಅದು ಕಾಣಲು 2ರಿಂದ 3 ವಾರ ಹಿಡಿಯುತ್ತದೆ. ಹಾಗಾಗಿ ‘ಯಾವಾಗ ಮಾಡಿಸಲಿ’ ಅಂತ ಕೇಳಿ. ಆದರೆ ಕಾಲಿನಿಂದ ಶುರುವಾದ ಸೋಲು ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ, ಉಸಿರಾಡಲು, ನುಂಗಲು ಕಷ್ಟವಾಗುತ್ತಿದ್ದರೆ ಟೆಸ್ಟ್ ಡೇಟ್‌ಗಾಗಿ ಕಾಯಬೇಡಿ, ಆಗಿಂದಾಗಲೇ ದೊಡ್ಡ ಆಸ್ಪತ್ರೆಗೆ ಹೋಗಿ.

ಸೊಲ್ಲಾಪುರ, ಹೈದರಾಬಾದ್ ರೈಲು ಹತ್ತುವ ಮೊದಲು ಇಲ್ಲೇ ವಿಚಾರಿಸಿ. ಕಲಬುರಗಿಯಲ್ಲಿ ಸರ್ಕಾರಿ ಆಸ್ಪತ್ರೆ ಜಿಮ್ಸ್ ಇದೆ, ಇಎಸ್‌ಐಸಿ ಇದೆ. ಬೀದರ್‌ನವರು ಬ್ರಿಮ್ಸ್, ಯಾದಗಿರಿಯವರು ಯಿಮ್ಸ್‌ನಲ್ಲಿ ಕೇಳಬಹುದು. ಟೆಸ್ಟ್ ಅಲ್ಲೇ ಮಾಡುತ್ತಾರಾ, ಯಾವ ವಾರ, ಎಷ್ಟು ಹೊತ್ತಿಗೆ ಅಂತ ತಿಳಿದುಕೊಂಡೇ ಹೊರಡಿ.

ಟೆಸ್ಟ್ ದಿನ ಸೋಪು ಹಚ್ಚಿ ಸ್ನಾನ ಮಾಡಿ. ಎಣ್ಣೆ, ಪೌಡರ್, ಕ್ರೀಮ್, ನೋವಿನ ಮುಲಾಮು ಯಾವುದೂ ಬೇಡ. ಬಿಗಿಯಾದ ಬಳೆ, ಉಂಗುರ, ಕಾಲುಂಗುರ ಹಿಂದಿನ ರಾತ್ರಿ ಸೋಪಿನ ನೀರು ಹಾಕಿ ನಿಧಾನಕ್ಕೆ ತೆಗೆಯಿರಿ. ಬಳೆ ತೆಗೆಯುವುದು ನಮ್ಮ ಕಡೆ ಸಣ್ಣ ಮಾತಲ್ಲ, ಗೊತ್ತು. ಸಡಿಲವಾದ ಗಾಜಿನ ಬಳೆಯಾದರೆ ಮೇಲೆ ಸರಿಸಿದರೂ ನಡೆಯುತ್ತದೆ, ತೊಂದರೆ ಇರುವುದು ಮಣಿಕಟ್ಟಿಗೆ ಕಚ್ಚಿಕೊಂಡಿರುವ ಬಳೆಯದು. ತೋಳು ಮೇಲೆ ಏರುವಂಥ ಸಡಿಲ ಬಟ್ಟೆ ಹಾಕಿ. ಊಟ ಮಾಡಿಯೇ ಹೋಗಿ, ಖಾಲಿ ಹೊಟ್ಟೆ ಬೇಕಿಲ್ಲ.

ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದರೆ, ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಗುಳಿಗೆ ನೀವೇ ಬಿಡಬೇಡಿ. ನರ ಸ್ನಾಯುವಿಗೆ ಸೇರುವ ಜಾಗ ಕೆಡುವ ಮಯಸ್ತೇನಿಯ ರೋಗಕ್ಕೆ ಪಿರಿಡೋಸ್ಟಿಗ್ಮಿನ್ ನುಂಗುವವರು, ಟೆಸ್ಟ್ ಮೊದಲು ಅದನ್ನು ನಿಲ್ಲಿಸಬೇಕಾ, ಎಷ್ಟು ತಾಸು ಮೊದಲು ಅಂತ ಡಾಕ್ಟರ್‌ಗೇ ಕೇಳಬೇಕು. ಸ್ನಾಯುವಿಗೆ ಹಾನಿಯಾಗಿದೆಯಾ ಅಂತ ನೋಡುವ ಸಿಕೆ ಅನ್ನುವ ರಕ್ತ ಪರೀಕ್ಷೆಯನ್ನೂ ಬರೆದಿದ್ದರೆ ಸೂಜಿ ಟೆಸ್ಟ್‌ಗಿಂತ ಮೊದಲೇ ರಕ್ತ ಕೊಡಿ. ಸೂಜಿ ಚುಚ್ಚಿದ ಮೇಲೆ ಆ ಅಂಕಿ ಸುಮ್ನೆ ಏರುವುದುಂಟು.

ಮಂಚದ ಮೇಲೆ

ಮರುದಿನ ಸಣ್ಣವ್ವ ಬೋಳುಗೈಯಲ್ಲಿ, ಮುಖ ಗಂಟು ಹಾಕಿಕೊಂಡು ಮಲಗಿದಳು. ಟೆಕ್ನಿಷಿಯನ್ ಮೊದಲು ಕೈ ಮುಟ್ಟಿ ನೋಡಿದರು. ‘ತಣ್ಣಗಾಗ್ಯಾವಲ್ರಿ’ ಅಂದು ಎಸಿ ಆಫ್ ಮಾಡಿ, ಬಿಸಿನೀರಿನ ಚೀಲ ಕೊಟ್ಟರು. ಹೊರಗೆ ನಮ್ಮ ಕಲಬುರಗಿ ಬಿಸಿಲು, ಒಳಗೆ ಕೈ ಕಾಯಿಸುವುದು! ನನಗೆ ನಗು ಬಂತು. ಆದರೆ ಇದು ತಮಾಷೆಯಲ್ಲ. ಚರ್ಮ 1 ಡಿಗ್ರಿ ತಣ್ಣಗಾದರೆ ನರದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತದೆ. ತಣ್ಣನೆಯ ಕೈ ಇಟ್ಟುಕೊಂಡು ಟೆಸ್ಟ್ ಮಾಡಿಸಿದರೆ ಇಲ್ಲದ ರೋಗ ರಿಪೋರ್ಟ್‌ನಲ್ಲಿ ಕಾಣಬಹುದು. ಚಳಿಗಾಲದ ಬೀದರ್‌ನಲ್ಲಿ ಬೆಳಗಿನ ಅಪಾಯಿಂಟ್‌ಮೆಂಟ್ ಇದ್ದವರು ಕೈ ಜೇಬಿನಲ್ಲೇ ಇಟ್ಟುಕೊಂಡು ಹೋಗಿ.

ಹೆಬ್ಬೆರಳ ಬುಡದಲ್ಲಿ ಪಟ್ಟಿ ಅಂಟಿಸಿದರು. ಮಣಿಕಟ್ಟಿನ ಹತ್ತಿರ ಎರಡು ಮೊನೆಯ ಕಡ್ಡಿಯಂಥದ್ದು ಒತ್ತಿದರು. ಚಟ್! ಹೆಬ್ಬೆರಳು ತಾನೇ ಕುಣಿಯಿತು. ಚಳಿಗಾಲದಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದರೆ ಚಟ್ ಅನ್ನುತ್ತಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿ. ಆ ಕರೆಂಟ್ ಇರುವುದೇ ಸೆಕೆಂಡಿನ 5 ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಆಮೇಲೆ ಮೊಣಕೈ ಹತ್ತಿರ ಅದನ್ನೇ ಮಾಡಿ, ಎರಡೂ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಟೇಲರ್ ಥರ ಟೇಪ್ ಹಿಡಿದು ಅಳೆದರು. ದೂರವನ್ನು ಸಮಯದ ವ್ಯತ್ಯಾಸದಿಂದ ಭಾಗಿಸಿದರೆ ವೇಗ ಬಂತು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದ ವೇಗ ಅಳೆದಿದ್ದೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ. ಆರೋಗ್ಯವಂತರ ಕೈಯಲ್ಲಿ ಇದು ಸಾಮಾನ್ಯವಾಗಿ ಸೆಕೆಂಡಿಗೆ 50 ಮೀಟರ್ ಅಥವಾ ಜಾಸ್ತಿ, ಕಾಲಲ್ಲಿ 40 ಅಥವಾ ಜಾಸ್ತಿ. 50 ಮೀಟರ್ ಅಂದರೆ ಗಂಟೆಗೆ 180 ಕಿಲೋಮೀಟರ್. ಇಲ್ಲಿಂದ ಬೆಂಗಳೂರಿಗೆ ಓಡುವ ವಂದೇ ಭಾರತ್ ರೈಲೂ ಅಷ್ಟು ಜೋರಾಗಿ ಓಡುವುದಿಲ್ಲ.

ಇಎಂಜಿ ಬರೆದಿದ್ದರೆ ತೆಳ್ಳನೆ ಸೂಜಿಯನ್ನು ಸ್ನಾಯುವಿಗೆ ಚುಚ್ಚಿ ಸ್ಪೀಕರ್‌ನಲ್ಲಿ ಕೇಳುತ್ತಾರೆ. ಹೌದು, ಸ್ನಾಯುವಿನ ಸದ್ದು ಕೇಳುತ್ತಾರೆ. ಚೆನ್ನಾಗಿರುವ ಸ್ನಾಯು ಸುಮ್ಮನೆ ಮಲಗಿದ್ದಾಗ ಸದ್ದಿಲ್ಲ. ನರ ಕಳೆದುಕೊಂಡ ಸ್ನಾಯು ತಗಡಿನ ಮೇಲೆ ಮಳೆಹನಿ ಬಿದ್ದಂತೆ ಟಪಟಪ ಅನ್ನುತ್ತದೆ. ಮಯೋಟೋನಿಯ, ಅಂದರೆ ಬಿಗಿದ ಸ್ನಾಯು ಬೇಗ ಸಡಿಲವಾಗದ ತೊಂದರೆ, ಇದ್ದರೆ ಬೈಕಿನ ಎಕ್ಸಿಲರೇಟರ್ ಏರಿಸಿ ಇಳಿಸಿದಂಥ ಸದ್ದು. ‘ಸಡಿಲ ಬಿಡ್ರಿ’ ಅಂದಾಗ ಸಡಿಲ ಬಿಡಿ, ‘ಬಿಗಿ ಹಿಡೀರಿ’ ಅಂದಾಗ ಹಿಡಿಯಿರಿ, ಕೆಲಸ ಬೇಗ ಮುಗಿಯುತ್ತದೆ. ನೋವು ಇರುವುದಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ತಡೆಯಲಾಗದಿದ್ದರೆ ನಿಲ್ಲಿಸಿ ಅನ್ನಿ, ನಿಲ್ಲಿಸುತ್ತಾರೆ. ಚುಚ್ಚಿದ ಜಾಗ ಒಂದೆರಡು ದಿನ ನೋಯಬಹುದು. ಒಟ್ಟು ಅರ್ಧ ತಾಸಿನಿಂದ ಒಂದೂವರೆ ತಾಸು.

ರಿಪೋರ್ಟ್ ಕೈಗೆ ಬಂದಾಗ

ಬೋರ್‌ವೆಲ್‌ನ ಅದೇ ಕೇಬಲ್ ನೆನಪಿಸಿಕೊಳ್ಳಿ, ನರವೂ ಹಾಗೇ. ಮೇಲಿನ ಹೊದಿಕೆ ಸವೆದರೆ ವೇಗ ಇಳಿಯುತ್ತದೆ. ಒಳಗಿನ ತಂತಿಯೇ ಕಡಿಮೆಯಾದರೆ ಗ್ರಾಫಿನ ಎತ್ತರ ಇಳಿಯುತ್ತದೆ. ಉಳಿದಿದ್ದನ್ನು ಡಾಕ್ಟರ್‌ಗೆ ಬಿಡಿ. ಗೂಗಲ್‌ನಲ್ಲಿ ಹುಡುಕುತ್ತಾ ನಿದ್ದೆ ಕೆಡಿಸಿಕೊಳ್ಳಬೇಡಿ.

ನಾರ್ಮಲ್ ಬಂದರೆ ‘ನಿನಗೇನೂ ಆಗಿಲ್ಲ, ನಾಟಕ’ ಅಂತ ಮನೆಯವರು ಅನ್ನುವುದಿದೆ. ಅದು ತಪ್ಪು. ಈ ಟೆಸ್ಟ್ ನರದೊಳಗಿನ ದಪ್ಪ ಎಳೆಗಳನ್ನಷ್ಟೇ ನೋಡುತ್ತದೆ. ಉರಿ, ನೋವು ಸಾಗಿಸುವ ಸಣ್ಣ ಎಳೆಗಳು ಇದಕ್ಕೆ ಸಿಗುವುದಿಲ್ಲ. ಶುಗರ್ ಇರುವವರ ಅಂಗಾಲು ಉರಿಯುತ್ತಿದ್ದರೂ ರಿಪೋರ್ಟ್ ನಾರ್ಮಲ್ ಇರಬಹುದು. ಇನ್ನೊಂದು ಮಾತು. ಮೈಮೇಲೆ ಬಣ್ಣ ಮಾಸಿದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಇದ್ದರೆ ಮುಚ್ಚಿಡದೆ ತೋರಿಸಿ. ಕುಷ್ಠ ನರಕ್ಕೇ ತಗಲುವ ರೋಗ. ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಪೂರಾ ವಾಸಿಯಾಗುತ್ತದೆ.

ದಿನಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆದವರಿಗೆ ಪಾದ ಮೇಲೆ ಏಳದೆ ಚಪ್ಪಲಿ ಎಳೆಯತೊಡಗಿದರೂ ಇದೇ ಟೆಸ್ಟ್ ಬರೆಯುತ್ತಾರೆ. ಮೊಣಕಾಲಿನ ಹೊರಬದಿಯಲ್ಲಿ ನರ ಒತ್ತಿಕೊಂಡಿರುತ್ತದೆ. ‘ನಾನು ದಿನವಿಡೀ ಹೀಗೆ ಕೂರುತ್ತೇನೆ’ ಅಂತ ಕೂತೇ ತೋರಿಸಿ, ಅರ್ಧ ಕೆಲಸ ಅಲ್ಲೇ ಆಗುತ್ತದೆ. ಮಾಡುವ ಕೆಲಸ ಹೇಳುವುದೂ ಟೆಸ್ಟ್‌ನ ಭಾಗವೇ.

ಸಣ್ಣವ್ವನಿಗೆ ಮಣಿಕಟ್ಟಿನಲ್ಲಿ ನರ ಒತ್ತಿತ್ತು, ಕಾರ್ಪಲ್ ಟನಲ್. ರಾತ್ರಿ ಮಲಗುವಾಗ ಕಟ್ಟಿಕೊಳ್ಳಲು ಪಟ್ಟಿ ಕೊಟ್ಟರು, ಥೈರಾಯ್ಡ್, ಶುಗರ್ ನೋಡಿಸಿ ಅಂದರು. ಹೋಲಿಸಿ ನೋಡಲು ಎಡಗೈಯನ್ನೂ ಟೆಸ್ಟ್ ಮಾಡಿದ್ದರು, ಅದರಲ್ಲೂ ಶುರುವಾಗಿತ್ತು. ‘ಎಡಗೈ ಜೋಮು ಹಿಡಿಯುತ್ತೆ ಅಂತ ಯಾಕೆ ಹೇಳಲಿಲ್ಲ?’ ಅಂತ ಕೇಳಿದೆ. ‘ಎಡಗೈದು ಯಾರ್ ಕೇಳ್ಯಾರ ನನಗ?’ ಅಂದಳು.