ಓದಲು ಹೋದ ದೇಶವನ್ನು ನೋಡುವ ಕ್ರಮ: ಕಾಸರಗೋಡಿನ ವಿದ್ಯಾರ್ಥಿಗಳಿಗೆ

ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರದ ಮನೆಗಳಿಂದ ಹೊರದೇಶಕ್ಕೆ ಓದಲು ಹೊರಡುವ ಮಕ್ಕಳಿಗೆ ಹಿರಿಯರು ಹೇಳಿ ಕಳುಹಿಸುವ ಮಾತು ಹೆಚ್ಚುಕಡಿಮೆ ಒಂದೇ: ಮೊದಲು ಓದು ಮುಗಿಯಲಿ, ಊರು ನೋಡುವುದು ಆಮೇಲೆ. ಬ್ಯಾಂಕಿನ ಸಾಲ ಮಾಡಿ, ಅಡಿಕೆಯ ಧಾರಣೆಯನ್ನು ನೆಚ್ಚಿ ಕಳುಹಿಸಿದವರ ಮಾತಾದ್ದರಿಂದ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ತಿರುಗಾಟದ ಮಟ್ಟಿಗೆ ಈ ಕ್ರಮ ತಲೆಕೆಳಗಾದುದು. ವಿದ್ಯಾರ್ಥಿಯ ಕಾಗದಪತ್ರಗಳು ಅತ್ಯಂತ ಗಟ್ಟಿಯಾಗಿರುವುದು, ರಿಯಾಯಿತಿಗಳು ಹೆಚ್ಚು ಸಿಗುವುದು, ರಜೆ ಉದ್ದವಾಗಿರುವುದು ಎಲ್ಲವೂ ಓದುತ್ತಿರುವ ಕಾಲದಲ್ಲಿಯೇ. ಪದವಿ ಕೈಗೆ ಬಂದ ಮರುದಿನದಿಂದ ಇವು ಒಂದೊಂದಾಗಿ ಕಳಚಿಕೊಳ್ಳತೊಡಗುತ್ತವೆ. ಆದ್ದರಿಂದ ಪ್ರವಾಸದ ಯೋಜನೆಯನ್ನು ವಾಸದ ಪರವಾನಗಿಯ ಮೇಲೆ ಅಚ್ಚಾಗಿರುವ ಕೊನೆಯ ದಿನಾಂಕವನ್ನು ನೋಡಿಕೊಂಡು ಮಾಡಬೇಕೇ ಹೊರತು ಪದವಿ ಪ್ರದಾನದ ದಿನವನ್ನು ಕಾಯುತ್ತ ಕೂರಬಾರದು. ಇಲ್ಲಿ ಜರ್ಮನಿಯನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬೇರೆ ದೇಶಗಳ ವಿಷಯವನ್ನು ಅಲ್ಲಲ್ಲಿ ಸೇರಿಸಿದ್ದೇನೆ.

ಜರ್ಮನಿಗೆ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಅಲ್ಲಿನ ವಿದೇಶಿಯರ ಕಚೇರಿಯು ವಾಸದ ಪರವಾನಗಿಯ ಕಾರ್ಡನ್ನು ಕೊಡುತ್ತದೆ. ಆ ಕಾರ್ಡು ಮತ್ತು ಪಾಸ್‌ಪೋರ್ಟ್ ಎರಡೂ ಚಾಲ್ತಿಯಲ್ಲಿದ್ದರೆ, ಒಳಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆಯಿಲ್ಲದ ಯುರೋಪಿನ ದೇಶಗಳ ಕೂಟವಾದ ಶೆಂಗನ್ ವಲಯದ ಉಳಿದ ದೇಶಗಳಲ್ಲಿ ಬೇರೆ ವೀಸಾ ಇಲ್ಲದೆ, ಯಾವುದೇ 180 ದಿನಗಳ ಅವಧಿಯಲ್ಲಿ ಒಟ್ಟು 90 ದಿನಗಳವರೆಗೆ ತಿರುಗಾಡಬಹುದು. ಜರ್ಮನಿಯಲ್ಲಿ ಕಳೆದ ದಿನಗಳು ಈ ತೊಂಬತ್ತರ ಲೆಕ್ಕಕ್ಕೆ ಸೇರುವುದಿಲ್ಲ. ಬಲ್ಗೇರಿಯಾ ಮತ್ತು ರೊಮೇನಿಯಾ 2025ರ ಜನವರಿಯಲ್ಲಿ ಪೂರ್ಣವಾಗಿ ಸೇರಿಕೊಂಡ ಮೇಲೆ ಈ ವಲಯದಲ್ಲಿ 29 ದೇಶಗಳಿವೆ. ಯುರೋಪಿಯನ್ ಒಕ್ಕೂಟವೂ ಶೆಂಗನ್ ವಲಯವೂ ಒಂದೇ ಅಲ್ಲ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ತಿಳಿದಿರಬೇಕು. ಸ್ವಿಟ್ಜರ್ಲೆಂಡ್ ಮತ್ತು ನಾರ್ವೆ ಒಕ್ಕೂಟದಲ್ಲಿ ಇಲ್ಲದಿದ್ದರೂ ಶೆಂಗನ್ನಿನ ಒಳಗಿವೆ. ಐರ್ಲೆಂಡ್ ಮತ್ತು ಸೈಪ್ರಸ್ ಒಕ್ಕೂಟದಲ್ಲಿದ್ದರೂ ಶೆಂಗನ್ನಿನ ಹೊರಗಿವೆ. ಬ್ರಿಟನ್ ಎರಡರಲ್ಲಿಯೂ ಇಲ್ಲ. ಜರ್ಮನಿಯು 2024ರ ಸೆಪ್ಟೆಂಬರಿನಿಂದ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆಯನ್ನು ಮತ್ತೆ ಆರಂಭಿಸಿರುವುದರಿಂದ, ಭಾನುವಾರದ ಒಂದು ದಿನದ ಸುತ್ತಾಟಕ್ಕೆ ಹೋದರೂ ಮೂಲ ಪಾಸ್‌ಪೋರ್ಟ್ ಮತ್ತು ಕಾರ್ಡು ಚೀಲದಲ್ಲಿರಬೇಕು. ಮೊಬೈಲಿನಲ್ಲಿರುವ ಫೋಟೋವನ್ನು ದಾಖಲೆಯೆಂದು ಒಪ್ಪುವುದಿಲ್ಲ.

ತಿರುಗಾಟವನ್ನು ಹತ್ತಿರದಿಂದಲೇ ಆರಂಭಿಸುವುದು ಒಳ್ಳೆಯದು. ಮೊದಲ ಸೆಮಿಸ್ಟರಿನಲ್ಲಿಯೇ ಪ್ಯಾರಿಸ್, ರೋಮ್ ಎಂದು ಓಡುವವರು ತಾವಿರುವ ಪ್ರಾಂತ್ಯವನ್ನು ಕೊನೆಯವರೆಗೂ ಸರಿಯಾಗಿ ನೋಡುವುದೇ ಇಲ್ಲ. ಇದಕ್ಕೆ ಅತ್ಯುತ್ತಮ ಸಾಧನವೆಂದರೆ 2023ರ ಮೇ ತಿಂಗಳಲ್ಲಿ ಬಂದ ಡಾಯ್ಚ್‌ಲ್ಯಾಂಡ್ ಟಿಕೆಟ್. ಆಗ 49 ಯೂರೋ ಇದ್ದ ಅದರ ತಿಂಗಳ ದರ 2026ರ ಜನವರಿಯಿಂದ 63 ಯೂರೋ ಆಗಿದೆ. ಒಪ್ಪಂದ ಮಾಡಿಕೊಂಡಿರುವ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಅದೇ ಟಿಕೆಟ್ ಮೂಲ ದರದ ಶೇಕಡಾ 60ಕ್ಕೆ, ಸೆಮಿಸ್ಟರಿನ ಶುಲ್ಕದ ಜೊತೆಗೇ ದೊರೆಯುತ್ತದೆ. ದೇಶದ ಎಲ್ಲ ಪ್ರಾದೇಶಿಕ ರೈಲು, ನಗರ ರೈಲು, ಟ್ರಾಮ್ ಮತ್ತು ಬಸ್ಸುಗಳಲ್ಲಿ ಅದು ಸಲ್ಲುತ್ತದೆ; ಐಸಿಇ, ಐಸಿ ಎಂಬ ವೇಗದ ರೈಲುಗಳಲ್ಲಿ ಮಾತ್ರ ಸಲ್ಲುವುದಿಲ್ಲ. ನಿಧಾನ ಪ್ರಯಾಣವನ್ನು ನಷ್ಟವೆಂದು ಭಾವಿಸಬೇಕಾಗಿಲ್ಲ. ಬಿಂಗೆನ್‌ನಿಂದ ಕೊಬ್ಲೆನ್ಸ್‌ವರೆಗಿನ ರೈನ್ ಕಣಿವೆಯು 2002ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪ್ರದೇಶ. ಅಲ್ಲಿ ನದಿಯ ಅಂಚಿನಲ್ಲಿಯೇ ಸಾಗುವ ಪ್ರಾದೇಶಿಕ ರೈಲಿನ ಕಿಟಕಿಯಿಂದ ಕೋಟೆಗಳನ್ನೂ ದ್ರಾಕ್ಷಿಯ ಇಳಿಜಾರುಗಳನ್ನೂ ನೋಡುತ್ತ ಹೋಗುವುದಕ್ಕೆ ಬೇರೆ ಖರ್ಚಿಲ್ಲ. ಡ್ರೆಸ್ಡೆನ್‌ನಿಂದ ನಗರ ರೈಲಿನಲ್ಲಿ ರಾಟೆನ್‌ಗೆ ಹೋಗಿ, ದೋಣಿಯಲ್ಲಿ ಎಲ್ಬೆ ನದಿಯನ್ನು ದಾಟಿ ಏರಿದರೆ ಬಾಸ್ಟಾಯ್ ಎಂಬ ಮರಳುಗಲ್ಲಿನ ಬಂಡೆಗಳ ಸಾಲು ಸಿಗುತ್ತದೆ. ಮ್ಯೂನಿಕ್ ಕಡೆಯವರು ಇದೇ ಟಿಕೆಟಿನಲ್ಲಿ ಆಸ್ಟ್ರಿಯಾದ ಸಾಲ್ಸ್‌ಬರ್ಗ್ ನಿಲ್ದಾಣದವರೆಗೂ ಹೋಗಬಹುದು. ಟಿಕೆಟಿನಲ್ಲಿರುವ ಹೆಸರು ಪಾಸ್‌ಪೋರ್ಟಿನ ಹೆಸರಿನಂತೆಯೇ ಇರಬೇಕಾದುದರಿಂದ, ಮನೆತನದ ಹೆಸರನ್ನು ಇನಿಷಿಯಲ್ ಆಗಿ ಬರೆಯುವ ರೂಢಿಯಿರುವ ನಮ್ಮವರು ನೋಂದಣಿ ಮಾಡುವಾಗಲೇ ಅದನ್ನು ಸರಿಪಡಿಸಿಕೊಳ್ಳಬೇಕು.

ಕಾಸರಗೋಡಿನವರಿಗೆ ಜರ್ಮನಿಯ ನೈಋತ್ಯ ಭಾಗದಲ್ಲಿ ಬೇರೆ ಯಾವ ಪ್ರವಾಸಿಯೂ ಹುಡುಕದ ಒಂದು ದಾರಿಯಿದೆ. ಮಾರ್ಗದರ್ಶಿ ಪುಸ್ತಕಗಳು ಸೂಚಿಸುವ ಕೋಟೆ ಅರಮನೆಗಳಿಗಿಂತ ಮೊದಲು ಅದನ್ನು ಹಿಡಿಯಬೇಕೆಂದು ನನ್ನ ಅಭಿಪ್ರಾಯ. 1815ರಲ್ಲಿ ಸ್ಥಾಪನೆಯಾಗಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಅನೇಕ ಪಾದ್ರಿಗಳು ಈ ಭಾಗದವರು. ಎರಡೂ ಭಾಷೆಗಳ ನಡುವೆ ಬೆಳೆಯುವ ನಮಗೆ ಕನ್ನಡದ ನಿಘಂಟೂ ಮಲಯಾಳದ ನಿಘಂಟೂ ಒಂದೇ ಮಿಶನ್ನಿನ ಕೆಲಸ ಎಂಬುದು ಸಹಜವಾಗಿಯೇ ಕುತೂಹಲದ ವಿಷಯ. ಸ್ಟುಟ್‌ಗಾರ್ಟ್ ನಗರವನ್ನು ನೆಲೆಯಾಗಿಟ್ಟುಕೊಂಡರೆ ಆ ಪಾದ್ರಿಗಳ ಊರುಗಳನ್ನೆಲ್ಲ ಪ್ರಾದೇಶಿಕ ರೈಲುಗಳಲ್ಲಿಯೇ ನೋಡಬಹುದು. ಮಲಯಾಳ ನಿಘಂಟನ್ನು ರಚಿಸಿದ ಹರ್ಮನ್ ಗುಂಡರ್ಟ್ 1814ರಲ್ಲಿ ಹುಟ್ಟಿದ್ದು ಸ್ಟುಟ್‌ಗಾರ್ಟಿನಲ್ಲಿ. 1872ರಲ್ಲಿ ಆ ನಿಘಂಟು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡ ಎಸ್ಲಿಂಗೆನ್, ಸ್ಟುಟ್‌ಗಾರ್ಟಿನಿಂದ ನಗರ ರೈಲಿನಲ್ಲಿ ಹೋಗಿಬರಬಹುದಾದ ಹಳೆಯ ಪಟ್ಟಣ. ಮರದ ಚೌಕಟ್ಟಿನ ಮನೆಗಳ ಅದರ ಬೀದಿಗಳಿಗೆ ಅರ್ಧ ದಿನ ಸಾಕು. ಅಲ್ಲಿಂದ ನೆಕರ್ ನದಿಯ ಗುಂಟ ಮುಂದೆ ಹೋದರೆ 1477ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಟ್ಯೂಬಿಂಗೆನ್ ಸಿಗುತ್ತದೆ. ಕನ್ನಡ ಇಂಗ್ಲಿಷ್ ನಿಘಂಟಿನ ಫರ್ಡಿನಂಡ್ ಕಿಟ್ಟೆಲ್ ಕೊನೆಗಾಲವನ್ನು ಕಳೆದು 1903ರಲ್ಲಿ ನಿಧನರಾದದ್ದು ಅಲ್ಲಿಯೇ. ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಗಿತ್ತು. ಗುಂಡರ್ಟರ ಸಂಗ್ರಹದ ಹಸ್ತಪ್ರತಿಗಳನ್ನೂ ಹಳೆಯ ಮುದ್ರಣಗಳನ್ನೂ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯ ಡಿಜಿಟಲೀಕರಿಸಿ ಜಾಲತಾಣದಲ್ಲಿ ಇಟ್ಟಿರುವುದರಿಂದ, ಹೋಗುವ ಮೊದಲು ಅವುಗಳ ಮೇಲೆ ಕಣ್ಣಾಡಿಸಿಕೊಂಡರೆ ಊರನ್ನು ನೋಡುವ ರೀತಿಯೇ ಬದಲಾಗುತ್ತದೆ. ಗುಂಡರ್ಟ್ 1893ರಲ್ಲಿ ತೀರಿಕೊಂಡ ಕಾಲ್ವ್ ಪಟ್ಟಣಕ್ಕೆ ಫೋರ್ಟ್ಸ್‌ಹೈಮ್ ಮೂಲಕ ರೈಲಿದೆ. ಜನ ಅಲ್ಲಿಗೆ ಬರುವುದು ಸಾಮಾನ್ಯವಾಗಿ ಅವರ ಮೊಮ್ಮಗ, ಕಾದಂಬರಿಕಾರ ಹರ್ಮನ್ ಹೆಸ್ಸೆಯ ಹುಟ್ಟೂರೆಂದು, ನಾವು ಅಜ್ಜನಿಗಾಗಿ ಹೋಗಬಹುದು.

ಈ ದಾರಿಯ ಕೊನೆಯ ನಿಲುಗಡೆ ಬಾಸೆಲ್. ಸ್ವಿಸ್ ನೆಲದಲ್ಲಿದ್ದರೂ ಜರ್ಮನ್ ರೈಲ್ವೆಯದೇ ಆದ ಬಾಡಿಷರ್ ನಿಲ್ದಾಣದವರೆಗೆ ಡಾಯ್ಚ್‌ಲ್ಯಾಂಡ್ ಟಿಕೆಟ್ ನಡೆಯುತ್ತದೆ. ಮಿಶನ್ನಿನ ದಾಖಲೆಗಳು, ನಮ್ಮ ಕರಾವಳಿಯ ಹಳೆಯ ಛಾಯಾಚಿತ್ರಗಳೂ ಸೇರಿದಂತೆ, ಈಗ ಮಿಶನ್ 21 ಎಂಬ ಸಂಸ್ಥೆಯ ಸಂಗ್ರಹದಲ್ಲಿವೆ. ಅವುಗಳನ್ನು ನೋಡಬಯಸುವವರು ಮೊದಲೇ ಪತ್ರ ಬರೆದು ಸಮಯ ಕೇಳಿಕೊಳ್ಳಬೇಕು. ನಮ್ಮ ಮನೆಗಳ ಮಾಡಿಗೆ ಬಂದ ಮಂಗಳೂರು ಹಂಚಿನ ಮೊದಲ ಕಾರ್ಖಾನೆಯನ್ನು 1865ರಲ್ಲಿ ಆರಂಭಿಸಿದ್ದೂ ಇದೇ ಮಿಶನ್. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಯುರೋಪಿಯನ್ ಒಕ್ಕೂಟದೊಳಗೆ ಮೊಬೈಲಿಗೆ ಹೆಚ್ಚುವರಿ ರೋಮಿಂಗ್ ಶುಲ್ಕವಿಲ್ಲ ಎಂಬ 2017ರ ನಿಯಮ ಸ್ವಿಟ್ಜರ್ಲೆಂಡಿಗೆ ಅನ್ವಯಿಸುವುದಿಲ್ಲವಾದ್ದರಿಂದ, ನಿಮ್ಮ ಪ್ಲಾನಿನಲ್ಲಿ ಆ ದೇಶ ಸೇರಿಲ್ಲದಿದ್ದರೆ ಗಡಿ ದಾಟುವ ಮೊದಲೇ ಡೇಟಾ ರೋಮಿಂಗನ್ನು ನಿಲ್ಲಿಸಬೇಕು.

ದೂರದ ದೇಶಗಳಿಗೆ ಹೊರಡುವಾಗ ನೀವು ಭಾರತದಿಂದ ಬಂದ ಪ್ರವಾಸಿಯಲ್ಲ, ಯುರೋಪಿನ ನಿವಾಸಿ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕಷ್ಟು ಹಣ ಉಳಿಯುತ್ತದೆ. ಹಲವು ದೇಶಗಳ ರೈಲುಗಳಿಗೆ ಒಂದೇ ಪಾಸು ಬೇಕಾದಾಗ ನೀವು ಕೊಳ್ಳಬೇಕಾದುದು ಹೊರಗಿನವರಿಗಾಗಿ ಇರುವ ಯುರೇಲ್ ಅಲ್ಲ, ನಿವಾಸಿಗಳಿಗಾಗಿ ಇರುವ ಇಂಟರ್‌ರೇಲ್. 27 ವರ್ಷದವರೆಗೆ ಅದರಲ್ಲಿ ಯುವಜನರ ರಿಯಾಯಿತಿಯೂ ಇದೆ. ವಾಸವಿರುವ ದೇಶದೊಳಗೆ ಹೊರಹೋಗುವ ಒಂದು ಮತ್ತು ಮರಳುವ ಒಂದು ಪ್ರಯಾಣಕ್ಕೆ ಮಾತ್ರ ಅದು ಸಲ್ಲುತ್ತದೆ, ಮತ್ತು ಫ್ರಾನ್ಸಿನ ಟಿಜಿವಿಯಂತಹ ವೇಗದ ರೈಲುಗಳಲ್ಲಿ ಸೀಟು ಕಾಯ್ದಿರಿಸಲು ಬೇರೆ ಹಣ ತೆರಬೇಕು. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯ ಯುರೋಪಿನ ಆರ್ಥಿಕ ವಲಯದಲ್ಲಿ (ಒಕ್ಕೂಟದ ದೇಶಗಳು ಮತ್ತು ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್) ವಾಸವಿರುವ, 26 ತುಂಬದ ಎಲ್ಲರಿಗೂ ಉಚಿತ. ಪಾಸ್‌ಪೋರ್ಟು ಯಾವ ದೇಶದ್ದಾದರೂ ವಾಸದ ಕಾರ್ಡನ್ನು ತೋರಿಸಿದರಾಯಿತು. ಅದು ಮಂಗಳವಾರ ಮುಚ್ಚಿರುತ್ತದೆ. ಆರೋಗ್ಯ ವಿಮೆಯ ವಿಷಯದಲ್ಲಿ ಮಾತ್ರ ನಿವಾಸಿಯಾಗಿದ್ದರೆ ಸಾಲದು. ಜರ್ಮನಿಯ ಸಾರ್ವಜನಿಕ ವಿಮಾ ಕಾರ್ಡಿನ ಹಿಂಬದಿಯಲ್ಲಿರುವ ಯುರೋಪಿಯನ್ ಕಾರ್ಡು ಒಕ್ಕೂಟದ ಬಹುತೇಕ ದೇಶಗಳಲ್ಲಿ ನಡೆದರೂ, ಭಾರತೀಯರಂತಹ ಹೊರನಾಗರಿಕರಿಗೆ ಡೆನ್ಮಾರ್ಕ್, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್, ನಾರ್ವೆ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿ ನಡೆಯುವುದಿಲ್ಲ. ಅಲ್ಲಿಗೆ ಹೋಗುವವರು ಪ್ರತ್ಯೇಕ ಪ್ರವಾಸ ವಿಮೆಯನ್ನು ಮಾಡಿಸಿಕೊಳ್ಳಲೇಬೇಕು; ಆಲ್ಪ್ಸ್ ಪರ್ವತದಲ್ಲಿ ಕಾಲು ಉಳುಕಿದ ಮೇಲೆ ಈ ವಿಚಾರ ತಿಳಿದರೆ ಪ್ರಯೋಜನವಿಲ್ಲ.

ರಜೆಯನ್ನು ನಂಬಿ ಟಿಕೆಟ್ ಮಾಡುವಾಗಲೂ ಜಾಗ್ರತೆ ಬೇಕು. ಜರ್ಮನಿಯಲ್ಲಿ ಫೆಬ್ರವರಿ ಮಧ್ಯದಿಂದ ಮತ್ತು ಜುಲೈ ಕೊನೆಯಿಂದ ತರಗತಿಗಳು ಇರುವುದಿಲ್ಲವಾದರೂ ಪರೀಕ್ಷೆಗಳು, ಮರುಪರೀಕ್ಷೆಗಳು ಬೀಳುವುದು ಆ ಅವಧಿಯಲ್ಲಿಯೇ. ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡುವ ಅವಕಾಶವಿದ್ದರೂ ರಜೆಯನ್ನೆಲ್ಲ ಅದಕ್ಕೇ ಒಪ್ಪಿಸಬೇಕಾಗಿಲ್ಲ.

ಬ್ರಿಟನ್ನಿನಲ್ಲಿ ಓದುವವರಿಗೆ ಶೆಂಗನ್ ದೇಶಗಳಿಗೆ ಹೋಗಲು ವೀಸಾ ಬೇಕು. ಅದನ್ನು ಅಲ್ಲಿಂದಲೇ ಕೇಳಬಹುದು. ಶುಲ್ಕ 90 ಯೂರೋ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಿಂದ ಡಬ್ಲಿನ್‌ಗೆ ಹೋಗುವ ರಸ್ತೆಯಲ್ಲಿ ಯಾರೂ ತಡೆಯದಿದ್ದರೂ ಭಾರತೀಯ ವಿದ್ಯಾರ್ಥಿಗೆ ಐರಿಷ್ ವೀಸಾ ಅಗತ್ಯ. ದೇಶದೊಳಗಿನ ಸುತ್ತಾಟಕ್ಕೆ ರೈಲುದರದಲ್ಲಿ ಮೂರನೆಯ ಒಂದು ಭಾಗ ಕಡಿತ ಕೊಡುವ 16-25 ರೈಲ್‌ಕಾರ್ಡ್ 26 ದಾಟಿದ ಪೂರ್ಣಾವಧಿ ವಿದ್ಯಾರ್ಥಿಗಳಿಗೂ ಸಿಗುತ್ತದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಗಳ ಮುಖ್ಯ ಸಂಗ್ರಹಗಳಿಗೆ ಟಿಕೆಟೇ ಇಲ್ಲ. ಜಪಾನಿನಲ್ಲಿ ಓದುವವರಿಗೆ ಪ್ರವಾಸಿಗರ ಜೆಆರ್ (ಜಪಾನ್ ರೈಲ್ವೆ) ಪಾಸ್ ಸಿಗುವುದಿಲ್ಲ. ಅದರ ಬದಲು ಕಾಲೇಜಿನಿಂದ ಪ್ರಮಾಣಪತ್ರ ಪಡೆದರೆ ಒಂದು ದಿಕ್ಕಿಗೆ 100 ಕಿಲೋಮೀಟರಿಗಿಂತ ಹೆಚ್ಚಿನ ಜೆಆರ್ ಪ್ರಯಾಣಕ್ಕೆ ಮೂಲ ದರದಲ್ಲಿ ಶೇಕಡಾ 20 ಕಡಿತವಿದೆ.

ಇನ್ನು ಓದು ಮುಗಿದ ಮೇಲಿನ ಕಾಲ. ಜರ್ಮನಿಯಲ್ಲಿ ಪದವಿ ಪಡೆದವರಿಗೆ ಕೆಲಸ ಹುಡುಕಲು 18 ತಿಂಗಳವರೆಗಿನ ಪರವಾನಗಿ ಸಿಗುತ್ತದೆ. ಹಳೆಯ ಕಾರ್ಡಿನ ಅವಧಿ ತೀರುವ ಮೊದಲೇ ಅದಕ್ಕೆ ಅರ್ಜಿ ಹಾಕಿರಬೇಕು. ಕಚೇರಿಗಳಲ್ಲಿ ಸರದಿ ಉದ್ದವಿರುವುದರಿಂದ ಹೊಸ ಕಾರ್ಡು ಬರುವವರೆಗೆ ಒಂದು ತಾತ್ಕಾಲಿಕ ಪತ್ರ ಕೊಡುತ್ತಾರೆ. ಆ ಪತ್ರದಲ್ಲಿ ವಾಸ ಕಾನೂನಿನ 81ನೆಯ ಕಲಮಿನ ಯಾವ ಉಪಕಲಮಿಗೆ ಗುರುತು ಹಾಕಿದ್ದಾರೆ ಎಂಬುದನ್ನು ನೋಡಿಯೇ ದೇಶದಿಂದ ಹೊರಗೆ ಕಾಲಿಡಬೇಕು: ನಾಲ್ಕನೆಯದಾದರೆ ಹಳೆಯ ಪರವಾನಗಿ ಮುಂದುವರಿದಂತೆ, ಮರಳಿ ಬರಬಹುದು, ಮೂರನೆಯದಾದರೆ ಅದರ ಬಲದ ಮೇಲೆ ಮರಳಿ ಬರಲಾಗದು. ಅನುಮಾನವಿದ್ದರೆ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯುವುದು ಲೇಸು. ವಿಶ್ವವಿದ್ಯಾಲಯದ ನೋಂದಣಿ ಕೊನೆಗೊಂಡಾಗ ವಿದ್ಯಾರ್ಥಿ ದರದ ವಿಮೆ ಮತ್ತು ಟಿಕೆಟ್ ಎರಡೂ ಹೋಗುತ್ತವೆ ಎಂಬುದೂ ಖರ್ಚಿನ ಲೆಕ್ಕದಲ್ಲಿರಲಿ. ಬ್ರಿಟನ್ನಿನಲ್ಲಿ ಪದವೀಧರರ ವೀಸಾಕ್ಕೆ ಅರ್ಜಿ ಹಾಕಿ ನಿರ್ಧಾರ ಬರುವ ಮುನ್ನ ಬ್ರಿಟನ್, ಐರ್ಲೆಂಡ್ ಮತ್ತು ಸುತ್ತಲಿನ ದ್ವೀಪಗಳ ಸಾಮಾನ್ಯ ಪ್ರಯಾಣ ವಲಯವನ್ನು ಬಿಟ್ಟು ಹೊರಗೆ ಹೋದರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆ ಪರಿಗಣಿಸುತ್ತಾರೆ. ಅಮೆರಿಕದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಓದು ಮುಗಿದ ಮೇಲೆ 60 ದಿನಗಳ ಕಾಲಾವಕಾಶವಿದೆ. ಅದರಲ್ಲಿ ದೇಶದೊಳಗೆ ಎಷ್ಟು ಬೇಕಾದರೂ ಸುತ್ತಬಹುದು, ಆದರೆ ಕೆನಡಾಕ್ಕೆ ಹೋಗಿ ಅದೇ ಅವಧಿಯ ಬಲದಲ್ಲಿ ಮರಳುವಂತಿಲ್ಲ. ಒಟ್ಟಿನಲ್ಲಿ ಗಡಿ ದಾಟುವ ಪ್ರವಾಸಗಳನ್ನು ಓದುವಾಗ ಮಾಡಿ, ಈ ತಿಂಗಳುಗಳನ್ನು ಒಳನಾಡಿಗೆ ಇಟ್ಟುಕೊಳ್ಳಬೇಕು.

ತಂದೆತಾಯಿಯನ್ನು ಕರೆಸಿಕೊಳ್ಳುವುದಿದ್ದರೂ ಕೊನೆಯ ಸೆಮಿಸ್ಟರ್ ಒಳ್ಳೆಯ ಕಾಲ, ಏಕೆಂದರೆ ಆಗ ನಿಮ್ಮ ವಿಳಾಸವೂ ಕಾರ್ಡೂ ಗಟ್ಟಿಯಾಗಿರುತ್ತವೆ. ಮೇ ಕೊನೆಯಿಂದ ಸೆಪ್ಟೆಂಬರ್ ನಡುವೆ ಬಂದರೆ ಚಳಿಯ ತೊಂದರೆಯಿಲ್ಲ, ಹಗಲೂ ಉದ್ದ. ಕಲೋನಿನ ಕೆಥೆಡ್ರಲ್ಲಿನ ಗೋಪುರಕ್ಕೆ 533 ಮೆಟ್ಟಿಲುಗಳಿವೆ. ಮಂಡಿನೋವಿನವರನ್ನು ಕೆಳಗೇ ಕೂರಿಸಿ 1248ರಲ್ಲಿ ಆರಂಭವಾಗಿ 1880ರಲ್ಲಿ ಮುಗಿದ ಆ ಕಟ್ಟಡದ ಒಳಗನ್ನು ತೋರಿಸಿದರೆ ಸಾಕು. ಬವೇರಿಯಾದಲ್ಲಿ ಐದು ಜನರವರೆಗೆ ಒಟ್ಟಿಗೆ ಪ್ರಯಾಣಿಸಬಹುದಾದ ದಿನದ ಟಿಕೆಟಿದೆ, ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ಅದು ಸಲ್ಲುತ್ತದೆ. ಅಮ್ಮ ತುಪ್ಪ, ಪೇಡ ಕಟ್ಟಿಕೊಂಡು ಬರದಂತೆ ಮೊದಲೇ ಹೇಳಬೇಕು. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಒಕ್ಕೂಟದೊಳಗೆ ತರುವಂತಿಲ್ಲ. ಮಾವು, ಪೇರಳೆಗಳಿಗೆ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಆದರೆ ಅನಾನಸು, ಬಾಳೆಹಣ್ಣು, ತೆಂಗಿನಕಾಯಿಗಳಿಗೆ ಆ ಪ್ರಮಾಣಪತ್ರದಿಂದ ವಿನಾಯಿತಿಯಿದೆ, ನಮ್ಮ ಊರಿನ ತೋಟವನ್ನು ನೋಡಿಯೇ ಪಟ್ಟಿ ಮಾಡಿದಂತೆ.

ರಜೆಯಲ್ಲಿ ಊರಿಗೆ ಬರುವವರು ಮಂಗಳೂರು ಅಥವಾ ಕಣ್ಣೂರು ವಿಮಾನ ನಿಲ್ದಾಣಕ್ಕೆ ದುಬೈ, ಅಬುಧಾಬಿಗಳ ಮೂಲಕ ಬರುವುದು ರೂಢಿ, ಮತ್ತು ಅಲ್ಲಿ ನೆಂಟರಿಲ್ಲದ ಕಾಸರಗೋಡಿನವರು ಕಡಿಮೆ. ಯುರೋಪಿಯನ್ ಒಕ್ಕೂಟದ ಅಥವಾ ಬ್ರಿಟನ್ನಿನ ವಾಸದ ಪರವಾನಗಿ ಇರುವ ಭಾರತೀಯರಿಗೆ ಯುಎಇಯಲ್ಲಿ ಇಳಿದ ಮೇಲೆ 14 ದಿನಗಳ ವೀಸಾ ದೊರೆಯುತ್ತದೆ. ಪರವಾನಗಿಯಲ್ಲಿಯೂ ಪಾಸ್‌ಪೋರ್ಟಿನಲ್ಲಿಯೂ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಎಲ್ಲವನ್ನೂ ಮುಗಿಸಿ ಮರಳುವ ಕೊನೆಯ ಪ್ರಯಾಣದಲ್ಲಿ ಅಷ್ಟು ಅವಧಿ ಉಳಿದಿರುವುದು ಅಪರೂಪವಾದ್ದರಿಂದ ಈ ನಿಲುಗಡೆಯನ್ನು ನಡುವಿನ ಯಾವುದಾದರೂ ರಜೆಯಲ್ಲಿ ಮಾಡಿಕೊಳ್ಳುವುದು ಸರಿ.