ಬೀಟೆ ಹಲಗೆ, ಬಿಸಿ ಕೊಳವೆ: ಗಿಟಾರ್‌ನ ಪಕ್ಕೆ ಬಗ್ಗಿಸುವ ಬಗೆ

ಅಕೌಸ್ಟಿಕ್ ಗಿಟಾರ್ ಕಟ್ಟುವ ಕೆಲಸದಲ್ಲಿ ಹೊಸಬರ ಎದೆ ನಡುಗಿಸುವುದು ಪಕ್ಕೆ, ಅಂದರೆ ಗಿಟಾರ್ ಪೆಟ್ಟಿಗೆಯ ಬದಿಯ ತೆಳು ಹಲಗೆ, ಬಗ್ಗಿಸುವ ಹಂತ. ಪಶ್ಚಿಮ ಘಟ್ಟದ ಬೀಟೆ ಇದಕ್ಕೆ ಹೇಳಿ ಮಾಡಿಸಿದ ಮರ. ಹೊರದೇಶದ ತಯಾರಕರು ಇಂಡಿಯನ್ ರೋಸ್‌ವುಡ್ ಎಂದು ಕೊಳ್ಳುವುದೂ ಇದನ್ನೇ.

ಸುಮಾರು 800 ಮಿಮೀ ಉದ್ದ, 125 ಮಿಮೀ ಅಗಲದ ಎರಡು ಹಲಗೆ ಬೇಕು. ಎಳೆ ನೇರವಾಗಿರಲಿ, ಓರೆ ಎಳೆಯಿದ್ದರೆ ಹಲಗೆ ಅಲ್ಲೇ ಸೀಳುತ್ತದೆ. ದಪ್ಪವನ್ನು 2 ರಿಂದ 2.2 ಮಿಮೀಗೆ ಇಳಿಸಿ, ಉದ್ದಕ್ಕೂ ಕ್ಯಾಲಿಪರ್ (ದಪ್ಪ ಅಳೆಯುವ ಸಾಧನ) ಇಟ್ಟು ನೋಡಿ. ಒಂದೆಡೆ ತೆಳುವಾಗಿದ್ದರೆ ಬಾಗೆಲ್ಲ ಅಲ್ಲಿಗೇ ಸೇರಿ ಮೂಲೆ ಮೂಡುತ್ತದೆ.

ಹಲಗೆ ಬಗ್ಗಿಸುವುದು ಕಾಯಿಸಿದ ಲೋಹದ ಕೊಳವೆಯ ಮೇಲೆ. ಅದರ ಮೇಲೆ ನೀರಿನ ಹನಿ ಕುಣಿದು ಹಾರಿದರೆ ಬಿಸಿ ಸಾಕು. ಹಲಗೆಯನ್ನು ಗಂಟೆಗಟ್ಟಲೆ ನೆನೆಸಬೇಡಿ, ಅಗಲದಲ್ಲಿ ದೋಣಿಯಂತೆ ಕುಳಿಯಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಲಗೆಯನ್ನು ಕೊಳವೆಗೆ ತಾಗಿಸಿ ಮೊದಲು ಬಗ್ಗಿಸಬೇಕಾದ್ದು ಸೊಂಟ, ಅಂದರೆ ಗಿಟಾರ್‌ನ ನಡುವಿನ ಕಿರಿದಾದ ಭಾಗ. ಅದರ ತಿರುವೇ ಉಳಿದ ಬಾಗುಗಳ ಜಾಗ ಗೊತ್ತುಮಾಡುತ್ತದೆ. ಹಿಂಬದಿಗೆ ತೆಳುವಾದ ಸ್ಟೀಲ್ ಪಟ್ಟಿ ಕೊಟ್ಟು ಹಿಡಿಯಿರಿ. ಹೊರಮೈಯ ಎಳೆ ಎದ್ದೇಳುವುದನ್ನು ಅದು ತಡೆಯುತ್ತದೆ. ಒತ್ತಬೇಡಿ, ಕಾಯಿರಿ. ಬಿಸಿ ಒಳಗಿಳಿದಾಗ ಮರ ಬೆಣ್ಣೆಯಂತೆ ಸಡಿಲವಾಗುವುದು ಅಂಗೈಗೆ ತಿಳಿಯುತ್ತದೆ. ‘ಚಿಟ್’ ಸದ್ದು ಬಂದರೆ ತಕ್ಷಣ ನಿಲ್ಲಿಸಿ: ಮರ ತಣ್ಣಗಿದೆ ಅಥವಾ ಒಣಗಿದೆ. ಕೂದಲೆಳೆಯ ಬಿರುಕಾದರೆ ತೆಳು ಸೂಪರ್ ಗ್ಲೂ ಉಣಿಸಿ ಉಳಿಸಿಕೊಳ್ಳಬಹುದು.

ಆಮೇಲೆ ಕೆಳಗಿನ ದೊಡ್ಡ ಬಾಗು, ಕೊನೆಗೆ ಮೇಲಿನದು. ಪ್ರತಿ ಸಲ ಗಿಟಾರ್ ಆಕಾರದ ಅಚ್ಚಿಗೆ ಹಿಡಿದು ಹೋಲಿಸಿ. ಬಗ್ಗಿದ ಮರ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಅಚ್ಚಿನೊಳಗೆ ಕ್ಲಾಂಪ್ ಹಾಕಿ ರಾತ್ರಿಯಿಡೀ ಬಿಡಿ. ಎರಡನೆಯ ಪಕ್ಕೆ ಮೊದಲನೆಯದರ ಕನ್ನಡಿ ಬಿಂಬವಾಗಿರಬೇಕು. ಒಳಮೈಗೆ ಮೊದಲೇ ಸೀಮೆಸುಣ್ಣದ ಗುರುತು ಹಾಕದಿದ್ದರೆ ಎರಡೂ ಎಡಪಕ್ಕೆಗಳೇ ಆಗಿ ಕೂರುತ್ತವೆ.