ಸರ್ಫ್‌ಬೋರ್ಡ್‌ಗೆ ಬಣ್ಣದ ರೆಸಿನ್: ಕಲೆ, ಪಟ್ಟೆ ಬೀಳದ ಹಾಗೆ

ಟಿಂಟ್ ಎಂದರೆ ರೆಸಿನ್‌ಗೆ, ಅಂದರೆ ಬೋರ್ಡ್‌ನ ಬಟ್ಟೆಗೆ ಹಚ್ಚುವ, ಆಮೇಲೆ ಗಟ್ಟಿಯಾಗುವ ಅಂಟುದ್ರವಕ್ಕೆ, ಬೆರೆಸುವ ಗಾಜಿನಂಥ ಬಣ್ಣ. ರೆಸಿನ್ ದಪ್ಪಗೆ ನಿಂತಲ್ಲಿ ಗಾಢ, ತೆಳ್ಳಗಾದಲ್ಲಿ ಪೇಲವ. ಬೆಳಕು ಹಾಯದ ಬಣ್ಣವಾದ ಪಿಗ್ಮೆಂಟ್ ಆದರೆ ಸಣ್ಣಪುಟ್ಟ ತಪ್ಪು ಮುಚ್ಚಿಕೊಳ್ಳುತ್ತದೆ, ಟಿಂಟ್ ಏನನ್ನೂ ಮುಚ್ಚುವುದಿಲ್ಲ.

ಆದ್ದರಿಂದ ಮೊದಲು ಬೋರ್ಡ್‌ನ ಒಡಲಾದ ಫೋಮ್ ನೋಡಿ. ಮರಳುಕಾಗದದ ಗೀರು, ಬೆರಳೊತ್ತಿದ ಗುಳಿ, ಎಲ್ಲದರಲ್ಲೂ ರೆಸಿನ್ ಇಳಿದು ಕಡುಗೆರೆಯಾಗಿ ಉಳಿಯುತ್ತದೆ. ಕೋಣೆಯ ದೀಪ ಆರಿಸಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು, 220 ಗ್ರಿಟ್‌ನಲ್ಲಿ ಹಗುರವಾಗಿ ಉಜ್ಜಿ ಮುಗಿಸಿ. ಗುಳಿಗೆ ಪುಟ್ಟಿ ತುಂಬಬೇಡಿ. ಅದು ರೆಸಿನ್ ಹೀರುವ ರೀತಿಯೇ ಬೇರೆ, ಟಿಂಟ್‌ನ ಅಡಿಯಲ್ಲಿ ತೇಪೆಯಂತೆ ಕಾಣುತ್ತದೆ.

6 ಅಡಿ ಬೋರ್ಡ್‌ನ ಒಂದು ಬದಿಗೆ, 6 ಔನ್ಸ್ ಫೈಬರ್‌ಗ್ಲಾಸ್ ಬಟ್ಟೆಯ ಒಂದು ಪದರಕ್ಕೆ, ಸುಮಾರು 700 ಗ್ರಾಂ ಪಾಲಿಯೆಸ್ಟರ್ ಲ್ಯಾಮಿನೇಟಿಂಗ್ ರೆಸಿನ್ ಬೇಕು. ಎರಡೂ ಬದಿಗೆ ಬಣ್ಣ ಬೇಕಿದ್ದರೆ ಒಂದೂವರೆ ಕಿಲೋ ಒಂದೇ ಬಕೆಟ್‌ನಲ್ಲಿ ಕಲಸಿಡಿ. ಎರಡನೇ ಸಲ ಕಲಸಿದ್ದು ಮೊದಲಿನದಕ್ಕೆ ಹೊಂದುವುದು ಬಹಳ ಕಷ್ಟ. ಟಿಂಟ್ ಕಿಲೋಗೆ 5 ಗ್ರಾಂನಿಂದ ಶುರುಮಾಡಿ. ತುಂಬಾ ಸುರಿದರೆ ರೆಸಿನ್ ಸರಿಯಾಗಿ ಗಟ್ಟಿಯಾಗದು. ತೆಳುಬಲೆಯಲ್ಲಿ ಸೋಸಿ, ಗುಳ್ಳೆ ಮೇಲೇಳಲು ಹತ್ತು ನಿಮಿಷ ಬಿಡಿ. ಬಕೆಟ್‌ನಲ್ಲಿ ಕಾಣುವ ಬಣ್ಣವನ್ನು ನಂಬಬೇಡಿ. ಫೋಮ್ ತುಂಡಿನ ಮೇಲೆ ಅದೇ ಬಟ್ಟೆ ಹಾಸಿ, ಎಳೆದು ನೋಡಿ.

ಬಿಸಿಲಿನ ಯುವಿ ಬೆಳಕಿಗೆ ಗಟ್ಟಿಯಾಗುವ ಯುವಿ ರೆಸಿನ್ ಇಲ್ಲಿ ಬೇಡ. ಬಣ್ಣ ಬೆಳಕನ್ನು ತಡೆದು ಅಡಿಭಾಗ ಹಸಿಯಾಗಿಯೇ ಉಳಿದೀತು. ರೆಸಿನ್ ಗಟ್ಟಿಯಾಗಿಸುವ ಎಂಇಕೆಪಿ ಹಾರ್ಡ್‌ನರ್ ಬಳಸಿ, ಅದನ್ನೂ ಆಗ ಹಚ್ಚುವಷ್ಟು ರೆಸಿನ್‌ಗೆ ಮಾತ್ರ ಹಾಕಿ. 25 ಡಿಗ್ರಿಯಲ್ಲಿ ಶೇ. 1.5ರ ಆಸುಪಾಸು, ಮುಲ್ಕಿ, ಸಸಿಹಿತ್ಲು ಕಡೆಯ ಸೆಕೆಯಲ್ಲಿ ಶೇ. 1 ಸಾಕಾಗಬಹುದು. ಮೊದಲು ಸಣ್ಣ ಲೋಟದಲ್ಲಿ ಪರೀಕ್ಷಿಸಿ, ಗಟ್ಟಿಯಾಗತೊಡಗುವ ಮೊದಲು ಹದಿನೈದಿಪ್ಪತ್ತು ನಿಮಿಷ ಸಿಗುವಂತೆ ಹೊಂದಿಸಿಕೊಳ್ಳಿ. ಕನ್ನಡಕ, ಗ್ಲೌಸ್, ರಾಸಾಯನಿಕ ಆವಿ ತಡೆಯುವ ಮಾಸ್ಕ್ ಇಲ್ಲದೆ ಮುಟ್ಟಲೇಬೇಡಿ. ಎಂಇಕೆಪಿ ಒಂದು ಹನಿ ಸಿಡಿದರೂ ಕಣ್ಣಿಗೆ ಅಪಾಯ.

ಸಂಜೆ, ಬಿಸಿ ಇಳಿಯುತ್ತಿರುವಾಗ ಹಚ್ಚಿ. ಬೆಳಗಿನ ಏರುಬಿಸಿಲಿಗೆ ಫೋಮ್‌ನೊಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ಬಣ್ಣದ ತುಂಬ ಸೂಜಿಮೊನೆಯಷ್ಟು ಬಿಳಿ ಚುಕ್ಕೆ.

ನಡುವಿನ ಮರದ ಪಟ್ಟಿಯುದ್ದಕ್ಕೂ ರೆಸಿನ್ ಸುರಿದು ಬೇಗ ಹರಡಿ. ಆಮೇಲೆ ಎರಡು ಮೂರು ನಿಮಿಷ ಸುಮ್ಮನಿರಿ. ಹೆಚ್ಚಿನವರ ಕೈ ಕೆಡುವುದು ಇಲ್ಲೇ: ಬಟ್ಟೆ ಪೂರ್ತಿ ನೆನೆಯುವ ಮೊದಲೇ ಎಳೆದರೆ ನೇಯ್ಗೆ ಬೆಳ್ಳಗೆ ಉಳಿಯುತ್ತದೆ. ನೆಂದ ಮೇಲೆ ಸ್ಕ್ವೀಜಿಯನ್ನು (ರೆಸಿನ್ ಎಳೆಯುವ ಚಪ್ಪಟೆ ಹಲಗೆ) ನಡುವಿನಿಂದ ಅಂಚಿಗೆ, ಒಂದೇ ಕೋನ, ಒಂದೇ ಒತ್ತಡದಲ್ಲಿ, ಹಿಂದಿನ ಎಳೆತದ ಮೂರನೇ ಒಂದು ಭಾಗದ ಮೇಲೆ ಹಾಯಿಸುತ್ತ ಎಳೆಯಿರಿ. ಇಳಿಬಿದ್ದ ಬಟ್ಟೆಯನ್ನು ಅಂಚಿನಿಂದ ಸುರಿಯುವ ರೆಸಿನ್‌ನಲ್ಲೇ ತೋಯಿಸಿ, ನಂತರ ಒಳಕ್ಕೆ ಮಡಚಿ. ಕೊನೆಗೆ ಬಗ್ಗಿ ಅಂಚಿನ ಅಡಿ ನೋಡಿ. ಹೆಚ್ಚುವರಿ ರೆಸಿನ್ ಅಲ್ಲಿ ಜೋತುಬಿದ್ದು ಕಪ್ಪು ಪಟ್ಟೆಯಾಗುತ್ತದೆ. ರೆಸಿನ್ ಜೆಲ್ಲಿಯಾಗತೊಡಗಿದರೆ ಕೈ ತೆಗೆಯಿರಿ, ಆಮೇಲೆ ಎಳೆದದ್ದೆಲ್ಲ ಗೀರು. ಮಡಿಕೆಯನ್ನು, ಮೊದಲೇ ಫೋಮ್‌ಗೆ ಅಂಟಿಸಿಟ್ಟ ಟೇಪ್ ಗುಂಟ, ಬ್ಲೇಡ್‌ನಿಂದ ಕತ್ತರಿಸಬೇಕಾದದ್ದು ಅದು ರಬ್ಬರ್‌ನಂತಿರುವಾಗ.

ಎರಡೂ ಬದಿಗೆ ಟಿಂಟ್ ಹಾಕಿದರೆ ಅಂಚಿನಲ್ಲಿ ಪದರ ಎರಡಾಗಿ ಬಣ್ಣ ಗಾಢವಾಗುವುದು ಸಹಜ. ಹಾಗೆ ಬೇಡವೆಂದರೆ ಮೇಲ್ಭಾಗಕ್ಕೆ ಬಣ್ಣವಿಲ್ಲದ ರೆಸಿನ್.

ಗಟ್ಟಿಯಾದ ಮೇಲೆ ಕಂಡ ಬಿಳಿ ಚುಕ್ಕೆಗೆ ಮತ್ತೆ ಟಿಂಟ್ ಮುಟ್ಟಿಸಬೇಡಿ, ಸುತ್ತ ಗಾಢ ಉಂಗುರ ಮೂಡುತ್ತದೆ. ಬಣ್ಣದ ಪದರವನ್ನು ಉಜ್ಜಲೂ ಬೇಡಿ. ಬಣ್ಣವಿಲ್ಲದ ಹಾಟ್‌ಕೋಟ್ (ಬಟ್ಟೆಯ ಮೇಲೆ ಬರುವ ರೆಸಿನ್ ಪದರ) ಧಾರಾಳವಾಗಿ ಹಾಕಿ, ಉಜ್ಜುವುದೆಲ್ಲ ಅದರ ಮೇಲೆಯೇ. ಅಂಚಿನ ತಿರುವುಗಳಲ್ಲಿ ಯಂತ್ರ ಬಿಟ್ಟು ಕೈಯಲ್ಲಿ. ಕತ್ತರಿಸಿದ ಗೆರೆ ಸೊಟ್ಟಗಿದ್ದರೆ ಅದರ ಮೇಲೆ ತೆಳ್ಳನೆಯ ಬಣ್ಣದ ಗೆರೆ, ಅಂದರೆ ಪಿನ್‌ಲೈನ್, ಎಳೆದು ಮುಚ್ಚಿ.